ಅಮೆರಿಕದ ಗಿಟಾರ್ ವಾದಕ ಶುಗಿ ಓಟಿಸ್‌ನ 1974ರ ಆಲ್ಬಂ ಕೇಳಿದವರು ಇದ್ದೀರಾ? ಒಬ್ಬನೇ ಕೂತು ಮಾಡುವಾಗ ಎಲ್ಲಿಗೆ ನಿಲ್ಲಿಸಬೇಕು?

ಬೇಸ್‌ತಂತಿ (ಮೈಸೂರು)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನು ಹನ್ನೆರಡು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಬಿಡುವೇ ಇರುವುದಿಲ್ಲ, ಆಮೇಲೆ ಮದುವೆ ಆರತಕ್ಷತೆಗಳು. ಎರಡು ವರ್ಷದ ಹಿಂದೆ ಕೊಳ್ಳೇಗಾಲದಲ್ಲಿ ಪ್ರೋಗ್ರಾಂ ಮುಗಿಸಿ ವ್ಯಾನಿನಲ್ಲಿ ವಾಪಸ್ ಬರುತ್ತಿದ್ದೆವು. ರಾತ್ರಿ ಎರಡು ಗಂಟೆ. ಎಲ್ಲರೂ ಸ್ಪೀಕರ್ ಬಾಕ್ಸುಗಳ ಮಧ್ಯೆ ತೂಕಡಿಸುತ್ತಿದ್ದರು. ನಮ್ಮ ರಿದಮ್ ಪ್ಯಾಡ್ ಹುಡುಗ ಫೋನಿನಲ್ಲಿ ಒಂದು ಹಾಡು ಹಾಕಿದ.

ಮೊದಲು ಕೇಳಿಸಿದ್ದು ಹಳೇ ಕಾಲದ ರಿದಮ್ ಬಾಕ್ಸಿನ, ಅಂದರೆ ತಾನೇ ತಾಳ ಹಾಕುವ ಯಂತ್ರದ, ಟಿಕ್ ಟಿಕ್. ಮಕ್ಕಳ ಆಟಿಕೆಯ ಸದ್ದಿನ ಹಾಗೆ. ಅದರ ಮೇಲೆ ಆರ್ಗನ್. ಆಮೇಲೆ ಕೆಳಗಡೆಯಿಂದ ಬೇಸ್ ಬಂತು ನೋಡಿ, ನಾನು ಎದ್ದು ಕೂತೆ. ಬೀಟು ಬಿದ್ದ ಮೇಲೆ ಒಂದು ಉಸಿರು ತಡೆದು, ಊಟ ಆದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ ಆರಾಮಾಗಿ ಬರುತ್ತದೆ. ಬಾಕ್ಸು ಒಂದು ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ. ಬೇಸು ಅದರ ಸುತ್ತ ಓಡಾಡುತ್ತದೆ. ವೇದಿಕೆಯ ಮೇಲೆ ನಾನು ಯಾವತ್ತೂ ಹಾಗೆ ನುಡಿಸಿಲ್ಲ. ನಂಜನಗೂಡು ದಾಟುವವರೆಗೆ ಅದೊಂದನ್ನೇ ಐದು ಸಲ ಹಾಕಿಸಿದೆ.

ಆ ಹಾಡು ‘ಆಹ್ಟ್ ಅ ಮಿ ಹೆಡ್’. ಔಟ್ ಆಫ್ ಮೈ ಹೆಡ್ ಎಂಬುದನ್ನು ಬಾಯಲ್ಲಿ ಆಡುವ ಹಾಗೆಯೇ ಬರೆದಿದ್ದಾನೆ. ಆಲ್ಬಂ ‘ಇನ್ಸ್‌ಪಿರೇಷನ್ ಇನ್ಫರ್ಮೇಷನ್’. ಹಾಡು ಬರೆದದ್ದು, ಹಾಡಿದ್ದು, ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಪ್ರೊಡ್ಯೂಸ್ ಮಾಡಿದ್ದು (ರೆಕಾರ್ಡಿಂಗಿನ ಉಸ್ತುವಾರಿ), ಎಲ್ಲವೂ ಶುಗಿ ಓಟಿಸ್ ಒಬ್ಬನೇ. ಪಿಟೀಲು ಮತ್ತು ಊದುವ ವಾದ್ಯಗಳಿಗೆ ಮಾತ್ರ ಬೇರೆಯವರು ಬಂದಿದ್ದಾರೆ. ಮೂರು ವರ್ಷ ಹಿಡಿಯಿತಂತೆ.

ಈಗ ನನ್ನ ವಿಷಯ. ನಾನೂ ನಾಲ್ಕು ವರ್ಷದಿಂದ ಆರು ಹಾಡು ಮಾಡುತ್ತಿದ್ದೇನೆ. ಮಾತು ಕನ್ನಡ, ನಡೆ ಫಂಕ್, ಅಂದರೆ ಬೇಸು, ಡ್ರಮ್ಸು ಮುಂದೆ ನಿಂತು ಕುಣಿಸುವ ಅಮೆರಿಕದ ಶೈಲಿ. ಕುವೆಂಪುನಗರದಲ್ಲಿ ಮನೆಯ ಮೇಲಿನ ರೂಮಿನ ಕಿಟಕಿಗೆ ಎರಡು ರಗ್ಗು ನೇತುಹಾಕಿ, ಒಂದು ಮೈಕು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಎಲ್ಲವನ್ನೂ ನಾನೇ ನುಡಿಸಿದ್ದೇನೆ. ಡ್ರಮ್ಸ್ ಇಡುವ ಜಾಗವೂ ಇಲ್ಲ, ಬಾರಿಸಿದರೆ ಪಕ್ಕದ ಮನೆಯವರು ಬಿಡುವುದೂ ಇಲ್ಲ. ಹಾಗಾಗಿ ಬೀಟು ಯಂತ್ರದ್ದೇ. ಹೋದ ವರ್ಷ ಒಂದು ಸ್ಟುಡಿಯೋಗೆ ತೆಗೆದುಕೊಂಡು ಹೋಗಿ ಕೇಳಿಸಿದೆ. ಅರ್ಧ ಹಾಡು ಕೇಳಿ, ‘ಡ್ರಮ್ಮರ್ ಕರ್ಕೊಂಡು ಬನ್ನಿ, ಇದು ಬರೀ ಡೆಮೊ’ (ಕಚ್ಚಾ ನಮೂನೆ) ಎಂದರು. ವಾಪಸ್ ಬಂದವನು ಆರು ತಿಂಗಳು ಆ ರೂಮಿನ ಬಾಗಿಲು ತೆಗೆಯಲಿಲ್ಲ.

ಎರಡನೇ ಹಾಡಿನ ಫೈಲು ಈಗ ಹತ್ತೊಂಬತ್ತನೆಯದು. ಅದರಲ್ಲಿ 54 ಟ್ರ್ಯಾಕ್ ಇವೆ, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಒಂದರ ಮೇಲೊಂದು ಇಟ್ಟ ಪದರಗಳು. ಗಿಟಾರ್ ಒಂದೇ ಹನ್ನೊಂದು. ಹೋದ ಸಲಕ್ಕಿಂತ ಚೆನ್ನಾಗಿದೆಯಾ ಎಂದು ಕೇಳಿದರೆ ನನಗೇ ಗೊತ್ತಾಗುವುದಿಲ್ಲ. ಹೇಳುವವರು ಯಾರೂ ಪಕ್ಕದಲ್ಲಿ ಇಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ‘ಸಾಕು’ ಎಂದು ಅವನಿಗೆ ಹೇಗೆ ಗೊತ್ತಾಯಿತು? ಇನ್ನೊಂದು, ಆಲ್ಬಮ್ಮಿನ ಎರಡನೇ ಅರ್ಧದಲ್ಲಿ ಹೆಚ್ಚುಕಮ್ಮಿ ಹಾಡುವುದನ್ನೇ ನಿಲ್ಲಿಸಿಬಿಡುತ್ತಾನಲ್ಲ, ಅದನ್ನು ಹೇಗೆ ಕೇಳಬೇಕು? ಕೇಳಿದವರು ದಯವಿಟ್ಟು ಹೇಳಿ.

ಎಲ್‌ಪಿ ತಾತ (ಬೆಂಗಳೂರು)

ಈ ಹೆಸರು ಕನ್ನಡದಲ್ಲಿ ಓದುತ್ತೇನೆ ಎಂದುಕೊಂಡಿರಲಿಲ್ಲ. ಬಹಳ ಸಂತೋಷ ಆಯಿತು ಕಣಪ್ಪ.

2001ರಲ್ಲಿ ನಾನು ಕೆಲಸದ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದೆ. ಶನಿವಾರ ಬಂದರೆ ಬರ್ಕ್ಲಿಯ ರೆಕಾರ್ಡ್ ಅಂಗಡಿಗಳಲ್ಲಿ ಹೊತ್ತು ಹೋಗುತ್ತಿತ್ತು. ಆ ವರ್ಷವೇ ಗಾಯಕ ಡೇವಿಡ್ ಬರ್ನ್ ಅವರ ಲುವಾಕಾ ಬಾಪ್ ಕಂಪನಿ ಈ ಆಲ್ಬಮ್ಮನ್ನು ಮತ್ತೆ ಹೊರತಂದಿತು. ಅಲ್ಲಿಯವರೆಗೆ ಇದು ಹಳೇ ರೆಕಾರ್ಡ್ ಹುಡುಕುವವರ ಕೈಯಲ್ಲಿ ಮಾತ್ರ ಓಡಾಡುತ್ತಿತ್ತು. ಅಂಗಡಿಯ ಹುಡುಗ ಹಾಕಿ ಕೇಳಿಸಿದ. ನಾನು ಇದು ಹೊಸಬನ ಆಲ್ಬಂ ಎಂದುಕೊಂಡೆ. ‘ಇಲ್ಲ, 1974ರದ್ದು’ ಎಂದಾಗ ಕವರ್ ತಿರುಗಿಸಿ ಎರಡು ಸಲ ನೋಡಿದೆ.

ಮೊದಲು ಒಂದು ಮಾತು. ನಿಮ್ಮ ಫೋನಿನಲ್ಲಿ ಎಷ್ಟು ಹಾಡಿವೆ, ನೋಡಿ. 2001ರ ಸಿ.ಡಿ.ಯಲ್ಲಿ ಮೂಲ ಆಲ್ಬಮ್ಮಿನ ಒಂಬತ್ತರ ಜೊತೆ ಅವನ ಹಿಂದಿನ ಆಲ್ಬಂ ‘ಫ್ರೀಡಂ ಫ್ಲೈಟ್’ನ ನಾಲ್ಕು ಹಾಡು ಸೇರಿಸಿದ್ದರು. 2013ರಲ್ಲಿ ಬಂದದ್ದರಲ್ಲಿ ಇನ್ನೂ ಜಾಸ್ತಿ, ಆಮೇಲೆ ಅವನು ಮಾಡಿಟ್ಟುಕೊಂಡಿದ್ದ ಎಷ್ಟೋ ಹಾಡು ‘ವಿಂಗ್ಸ್ ಆಫ್ ಲವ್’ ಎಂಬ ಎರಡನೇ ಡಿಸ್ಕಿನಲ್ಲಿವೆ. ಎಲ್ಲವನ್ನೂ ಸಾಲಾಗಿ ಕೇಳಿದರೆ ಆಕಾರವೇ ಸಿಗುವುದಿಲ್ಲ. ‘ನಾಟ್ ಅವೈಲಬಲ್’ ಎಂಬ ಒಂಬತ್ತನೆಯದಕ್ಕೆ ನಿಲ್ಲಿಸಿ. ಒಟ್ಟು ಅರ್ಧ ಗಂಟೆಯ ಮೇಲೆ ಎರಡೋ ಮೂರೋ ನಿಮಿಷ, ಅಷ್ಟೇ. ಮೂರು ವರ್ಷ ಕೂತು ಮಾಡಿದ್ದು ಅಷ್ಟು. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ ಅನಿಸುತ್ತದೆ.

ಅವನ ಹಿನ್ನೆಲೆ ಗೊತ್ತಿದ್ದರೆ ಇನ್ನೊಂದು ಅರ್ಧ ಸಿಗುತ್ತದೆ. ಶುಗಿ ಹುಟ್ಟಿದ್ದು 1953ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಜಾನಿ ಓಟಿಸ್ ರಿದಮ್ ಅಂಡ್ ಬ್ಲೂಸ್ ಲೋಕದ ದೊಡ್ಡ ಬ್ಯಾಂಡ್ ಯಜಮಾನ. ಗಾಯಕಿ ಎಟ್ಟಾ ಜೇಮ್ಸ್ ಅಂಥವರನ್ನು ಬೆಳಕಿಗೆ ತಂದವರು. ಹನ್ನೊಂದು ಹನ್ನೆರಡರ ಹೊತ್ತಿಗೆ ಈ ಹುಡುಗ ಅಪ್ಪನ ಜೊತೆ ನೈಟ್‌ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ವಯಸ್ಸಿನವರನ್ನು ಒಳಗೆ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ ಕಪ್ಪು ಕನ್ನಡಕ ಹಾಕಿ ಮೀಸೆ ಬರೆದು ಕರೆದುಕೊಂಡು ಹೋಗುತ್ತಿದ್ದರು. ಹದಿನೈದರಲ್ಲಿ ಹೆಸರಾಂತ ಕೀಬೋರ್ಡ್ ವಾದಕ ಆಲ್ ಕೂಪರ್ ಜೊತೆ ಒಂದು ಇಡೀ ಆಲ್ಬಂ ರೆಕಾರ್ಡ್ ಮಾಡಿದ. 1969ರಲ್ಲಿ ರಾಕ್ ಸಂಗೀತಗಾರ ಫ್ರ್ಯಾಂಕ್ ಝಪ್ಪಾ ಅವರ ‘ಪೀಚಸ್ ಎನ್ ರೆಗಾಲಿಯಾ’ದಲ್ಲಿ ಬೇಸ್ ನುಡಿಸಿದವನೂ ಇವನೇ. ನೀವು ಬೇಸ್ ನುಡಿಸುವವರು, ಅದನ್ನೂ ಕೇಳಿ.

1971ರ ‘ಫ್ರೀಡಂ ಫ್ಲೈಟ್’ ಪ್ರೊಡ್ಯೂಸ್ ಮಾಡಿದ್ದು ಅಪ್ಪ. ಅದರಲ್ಲಿ ಕೀಬೋರ್ಡಿಗೆ ಜಾರ್ಜ್ ಡ್ಯೂಕ್ ಇದ್ದರು, ಡ್ರಮ್ಸ್‌ಗೆ ಏನ್ಸ್‌ಲಿ ಡನ್‌ಬಾರ್ ಇದ್ದರು. ಅಂಥವರ ಜೊತೆ ನುಡಿಸಿದ ಹುಡುಗ ಮುಂದಿನ ಆಲ್ಬಮ್ಮಿಗೆ ತಾನೇ ಎಲ್ಲದಕ್ಕೂ ಕೂತ, ಕೆಲವು ಹಾಡಿಗೆ ರಿದಮ್ ಬಾಕ್ಸ್ ಇಟ್ಟುಕೊಂಡ. ಒಳ್ಳೇ ಡ್ರಮ್ಮರ್ ಸಿಗಲಿಲ್ಲ ಎಂದಲ್ಲ. ಅವನ ಕಿವಿಗೆ ಆ ಬಾಕ್ಸೇ ಬೇಕಾಗಿತ್ತು. ಆ ಸ್ಟುಡಿಯೋದವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆಲ್ಬಂ ಹೊರಬಂದಾಗ ಅವನಿಗೆ ಇನ್ನೂ 21 ತುಂಬಿರಲಿಲ್ಲ. ಮಾರಾಟ ಆಗಲಿಲ್ಲ. ಕಂಪನಿ ಕೈಬಿಟ್ಟಿತು. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಜೊತೆ ಸೇರಲು ಕರೆ ಬಂದಿತ್ತು, ಒಲ್ಲೆ ಎಂದ. ದೊಡ್ಡ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ನಿನ್ನ ಆಲ್ಬಂ ನಾನು ಪ್ರೊಡ್ಯೂಸ್ ಮಾಡುತ್ತೇನೆ ಎಂದರು, ಅದಕ್ಕೂ ಒಲ್ಲೆ. ಅದೇ ಕ್ವಿನ್ಸಿ 1977ರಲ್ಲಿ ಬ್ರದರ್ಸ್ ಜಾನ್ಸನ್ ಎಂಬ ಬ್ಯಾಂಡಿನ ಕೈಯಲ್ಲಿ ಇವನ ‘ಸ್ಟ್ರಾಬೆರಿ ಲೆಟರ್ 23’ ಹಾಡಿಸಿದರು. ಅದು ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಹೋಯಿತು. ಮೂಲ ಹಾಡು ‘ಫ್ರೀಡಂ ಫ್ಲೈಟ್’ನಲ್ಲಿದೆ, ನನಗೆ ಇವತ್ತಿಗೂ ಅದೇ ಹೆಚ್ಚು ಇಷ್ಟ.

ಎರಡನೇ ಬದಿ ಹೇಗೆ ಕೇಳಬೇಕು ಎಂದಿರಿ. ಎಲ್‌ಪಿಯಲ್ಲಿ (ಎರಡು ಬದಿಯ ದೊಡ್ಡ ರೆಕಾರ್ಡ್ ತಟ್ಟೆ) ಮೊದಲ ಬದಿ ‘ಆಹ್ಟ್ ಅ ಮಿ ಹೆಡ್’ಗೆ ಮುಗಿಯುತ್ತದೆ. ಎದ್ದು ಹೋಗಿ ತಿರುಗಿಸಿ ಹಾಕಬೇಕು. ಆ ಎದ್ದು ಹೋಗುವ ಒಂದು ನಿಮಿಷ ಬೇಕು ಅದಕ್ಕೆ. ಸೀದಾ ಮುಂದಕ್ಕೆ ಓಡಿಸಬೇಡಿ. ನಡುವೆ ಒಂದು ಲೋಟ ಕಾಫಿ ಕುಡಿದು ಬಂದು ‘ರೇನಿ ಡೇ’ ಹಾಕಿ. ಮಾತಿಲ್ಲ, ಗಿಟಾರ್ ಒಂದೇ ಮಾತಾಡುತ್ತದೆ. ಜೂನ್ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಲೈಟ್ ಹಾಕಬೇಕಾಗಿ ಬರುತ್ತದಲ್ಲ, ಅಂಥ ಹೊತ್ತಿನಲ್ಲಿ ಕೇಳಿ.

ಮಲ್ಲಿಗೆ ಎಫ್‌ಎಂ (ಮಂಗಳೂರು)

ತಾತ ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂಬತ್ತಕ್ಕೆ ನಿಲ್ಲಿಸಿದರೆ ಆಲ್ಬಂ ಪೂರ್ತಿ ಎಂಬಂತೆ ಹೇಳಿದರು, ಆದರೆ ಎರಡನೇ ಬದಿ ಪೂರ್ತಿಯಾದದ್ದು ಎಂದು ನನಗೆ ಅನಿಸುವುದಿಲ್ಲ. ‘ರೇನಿ ಡೇ’ ಬಗ್ಗೆ ಎರಡು ಮಾತಿಲ್ಲ, ಅದನ್ನು ಕೇಳುತ್ತಾ ನಾನು ಬಸ್ಸಿನಲ್ಲಿ ನನ್ನ ಸ್ಟಾಪು ಬಿಟ್ಟು ಮುಂದೆ ಹೋಗಿದ್ದೇನೆ. ಆದರೆ ‘ಎಕ್ಸ್‌ಎಲ್-30’, ‘ಪ್ಲಿಂಗ್!’ ಎರಡೂ ಬಾಕ್ಸು ಹಾಕಿಕೊಂಡು ಕೀಬೋರ್ಡಿನ ಮೇಲೆ ಕೈ ಆಡಿಸುತ್ತಾ ಏನು ಸಿಗುತ್ತದೆ ನೋಡೋಣ ಎಂದು ಕೂತವನ ಹಾಗಿವೆ. ‘ಹ್ಯಾಪಿ ಹೌಸ್’ ನೋಡಿ, ಒಂದು ನಿಮಿಷ ಚಿಲ್ಲರೆ. ಕಾಲು ಕುಣಿಯಲು ಶುರುವಾಗುವಷ್ಟರಲ್ಲಿ ಮುಗಿಯಿತು. ಪಕ್ಕದಲ್ಲಿ ಒಬ್ಬ ಪ್ರೊಡ್ಯೂಸರ್ ಇದ್ದಿದ್ದರೆ ‘ಇನ್ನೊಂದು ಚರಣ ಬರಿ ಮಾರಾಯ’ ಎನ್ನುತ್ತಿದ್ದರು.

ಹಾಗೆಂದು ಕೆಟ್ಟದ್ದು ಎನ್ನುತ್ತಿಲ್ಲ. ನನಗೆ ಅದು ಇಷ್ಟ ಆಗುವುದೇ ಹಾಗಿರುವುದಕ್ಕೆ. ಮೊದಲ ಬದಿಯಲ್ಲಿ ನಾವು ಮನೆಯ ಜಗಲಿಯಲ್ಲಿ ಕೂತಿರುತ್ತೇವೆ, ಎರಡನೇ ಬದಿಯಲ್ಲಿ ಅವನು ಕೆಲಸ ಮಾಡುವ ಕೋಣೆಗೆ ಹೋಗಿರುತ್ತೇವೆ. ಬೇಸ್‌ತಂತಿ ಅವರೇ, ನೀವು ನಾಲ್ಕು ವರ್ಷದಿಂದ ಜಗಲಿಯನ್ನೇ ಒರೆಸುತ್ತಿದ್ದೀರಿ. ಆರು ಹಾಡಿನಲ್ಲಿ ಎರಡನ್ನಾದರೂ ಹೇಗಿದೆಯೋ ಹಾಗೇ ಬಿಡಿ.

ಇನ್ನೊಂದು, ಇದರ ಜೊತೆ ಅಮೆರಿಕದ ಫಂಕ್ ಗಾಯಕ ಸ್ಲೈ ಸ್ಟೋನ್ ಅವರ 1971ರ ‘ದೇರ್ಸ್ ಎ ರಯಟ್ ಗೋಯಿನ್ ಆನ್’ ಕೇಳಲೇಬೇಕು. ಅದಕ್ಕೂ ಪ್ರೊಡ್ಯೂಸರ್ ಅವರೇ. ದೊಡ್ಡ ಬ್ಯಾಂಡಿನ ಹೆಸರಿದ್ದರೂ ಬಹಳಷ್ಟು ಅವರು ಒಬ್ಬರೇ ಕೂತು ಮಾಡಿದ್ದು. ಡ್ರಮ್ಮರ್ ಬಿಟ್ಟುಹೋದ ಮೇಲೆ ಅಲ್ಲೂ ರಿದಮ್ ಬಾಕ್ಸೇ ಗತಿ. ಆ ಬಾಕ್ಸು ಇಟ್ಟುಕೊಂಡೇ ‘ಫ್ಯಾಮಿಲಿ ಅಫೇರ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಯಾರಾದರೂ ಅದನ್ನು ಡೆಮೊ ಎಂದರಾ?

ಟೇಪ್‌ಗಾಲಿ (ಹುಬ್ಬಳ್ಳಿ)

ನಾನು ಸೌಂಡ್ ಕೆಲಸದವನು. 1990ರ ದಶಕದಲ್ಲಿ ಟೇಪಿನ ಮೇಲೆ ಕಲಿತು, ಆಮೇಲೆ ಕಂಪ್ಯೂಟರಿಗೆ ಬಂದವನು. ರಿದಮ್ ಬಾಕ್ಸ್ ಬಗ್ಗೆ ಎರಡು ಮಾತು ಹೇಳಲೇಬೇಕು.

ಆ ಕಾಲದ ಬಾಕ್ಸಿನೊಳಗೆ ನಿಜವಾದ ಡ್ರಮ್ಮಿನ ಸದ್ದು ಇಲ್ಲವೇ ಇಲ್ಲ. ಬರೀ ಟ್ರಾನ್ಸಿಸ್ಟರ್ ಸರ್ಕ್ಯೂಟು. ಗಂಟೆಗೆ ಬೆರಳಲ್ಲಿ ಹೊಡೆದರೆ ಒಂದು ಕ್ಷಣ ಮಿಡಿದು ಸುಮ್ಮನಾಗುತ್ತದಲ್ಲ, ಹಾಗೆ ಮಿಡಿಯುವ ಒಂದು ಸರ್ಕ್ಯೂಟು ಅದರ ಬೇಸ್ ಡ್ರಮ್ಮು. ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ಬರುವ ‘ಶ್’ ಸದ್ದನ್ನು ಸಣ್ಣಗೆ ತುಂಡು ಮಾಡಿದರೆ ಅದು ಹೈ-ಹ್ಯಾಟು (ಡ್ರಮ್ಸಿನ ಜೋಡಿ ತಾಳದ ತಟ್ಟೆ). ಮೇಲ್ಗಡೆ ರಾಕ್, ವಾಲ್ಟ್ಸ್, ಸಾಂಬಾ, ಬೋಸಾ ನೋವಾ ಎಂದು ಬಟನ್ನುಗಳು. ಮನೆಯಲ್ಲಿ ಆರ್ಗನ್ ನುಡಿಸುವವರಿಗೆ ಮಾಡಿದ್ದು ಅದು. ನಿಮ್ಮದೇ ಬೀಟು ಅದರೊಳಗೆ ಹಾಕಲು ಬರುವುದಿಲ್ಲ. ಕೆಲವು ಬಾಕ್ಸುಗಳಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಎರಡು ತಾಳ ಬೆರೆತು ಮೂರನೆಯದೊಂದು ಹುಟ್ಟುತ್ತಿತ್ತು, ಅಷ್ಟೇ ಸ್ವಾತಂತ್ರ್ಯ.

ಡ್ರಮ್ಮರ್ ಜಾಗ ಬದಲಾಯಿತು ಎಂದು ಹಾಕುವ ರೋಲ್ ಅದರಲ್ಲಿ ಇಲ್ಲ, ಕಟ್ ಇಲ್ಲ. ಚರಣ ಬಂದರೂ ಅಷ್ಟೇ, ಪಲ್ಲವಿ ಬಂದರೂ ಅಷ್ಟೇ. ಹಾಗಾಗಿ ‘ಈಗ ಬೇರೆ ಜಾಗಕ್ಕೆ ಬಂದೆವು’ ಎಂದು ಹೇಳುವ ಕೆಲಸ ಬೇಸಿನ ಮೇಲೆ ಬೀಳುತ್ತದೆ. ನೀವು ವ್ಯಾನಿನಲ್ಲಿ ಎದ್ದು ಕೂತದ್ದು ಅದಕ್ಕೇ. ಬಾಕ್ಸು ಗೋಡೆಯ ಹಾಗೆ ನಿಂತಿದ್ದಕ್ಕೆ ಬೇಸಿಗೆ ಒರಗಲು ಜಾಗ ಸಿಕ್ಕಿತು.

ಇನ್ನು ಟೇಪು. ಆಗ ದೊಡ್ಡ ಸ್ಟುಡಿಯೋದಲ್ಲೂ ಸಾಮಾನ್ಯವಾಗಿ ಸಿಗುತ್ತಿದ್ದದ್ದು 16 ಟ್ರ್ಯಾಕ್. ಹದಿನೇಳನೆಯದಾಗಿ ಇನ್ನೊಂದು ಗಿಟಾರ್ ಬೇಕೆಂದರೆ ಮೊದಲಿನದನ್ನು ಅಳಿಸಬೇಕು, ಇಲ್ಲವೇ ಎರಡನ್ನು ಒಂದರಲ್ಲಿ ಕೂಡಿಸಬೇಕು. ಒಮ್ಮೆ ಕೂಡಿಸಿದರೆ ಬಿಡಿಸಲು ಬರುವುದಿಲ್ಲ. ಟೇಪು ಯಂತ್ರದ ಹೆಡ್ಡಿಗೆ (ಸದ್ದು ಬರೆಯುವ, ಓದುವ ಭಾಗ) ತಿಕ್ಕಿದಷ್ಟೂ ಅದರ ಮೇಲಿನ ಲೇಪ ಸವೆಯುತ್ತದೆ, ಮೇಲಿನ ಸ್ವರಗಳ ಹೊಳಪು ಹೋಗುತ್ತದೆ. ಮಲ್ಲಿಗೆ ಮೇಡಂ ಹೇಳಿದ ಸ್ಲೈ ಆಲ್ಬಮ್ಮಿನ ಮಬ್ಬು ಬಂದದ್ದು ಹಾಗೆ, ಅಳಿಸಿ ಬರೆದು ಅಳಿಸಿ ಬರೆದು. ‘ಸಾಕು’ ಎಂದು ಟೇಪೇ ಹೇಳುತ್ತಿತ್ತು. ನಿಮ್ಮ ಲ್ಯಾಪ್‌ಟಾಪು ಹೇಳುವುದಿಲ್ಲ, ಅದೇ ನಿಮ್ಮ ತೊಂದರೆ.

ಒಬ್ಬರೇ ಎಂಬ ಮಾತಿನ ಬಗ್ಗೆಯೂ ಒಂದು. ಅಮೆರಿಕದ ಗಾಯಕ ಸ್ಟೀವಿ ವಂಡರ್ 1972ರಲ್ಲಿ ‘ಮ್ಯೂಸಿಕ್ ಆಫ್ ಮೈ ಮೈಂಡ್’ ಮಾಡಿದಾಗ ಹೆಚ್ಚುಕಮ್ಮಿ ಎಲ್ಲ ವಾದ್ಯ ಅವರದೇ. ಆದರೆ ಆಚೆ ಮಗ್ಗುಲಿಗೆ ಮಾಲ್ಕಮ್ ಸೆಸಿಲ್, ರಾಬರ್ಟ್ ಮಾರ್ಗುಲೆಫ್ ಕೂತಿದ್ದರು. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ದೊಡ್ಡ ಸಿಂಥಸೈಜರ್ ಅವರದು, ಸದ್ದು ಹೊಂದಿಸಿ ಕೊಡುವ ಕೈ ಅವರದು. ಇನ್ನೊಬ್ಬ ಅಮೆರಿಕದ ಗಾಯಕ ಪ್ರಿನ್ಸ್ 19ನೇ ವಯಸ್ಸಿನಲ್ಲಿ ‘ಫಾರ್ ಯೂ’ ಮಾಡಿದಾಗಲೂ ಕಂಪನಿಯವರು ಒಬ್ಬ ಅನುಭವಸ್ಥ ಇಂಜಿನಿಯರನ್ನು ಕಳಿಸಿದ್ದರು. ನುಡಿಸುವವರು ಒಬ್ಬರೇ ಇರಲಿ, ಕೇಳುವ ಎರಡನೇ ಕಿವಿ ರೂಮಿನಲ್ಲಿ ಇರಲಿ. ಸಂಗೀತ ಗೊತ್ತಿರುವವರೇ ಆಗಬೇಕೆಂದಿಲ್ಲ. ಅವರ ಎದುರು ಹಾಡು ಹಾಕಿದಾಗ ನಿಮಗೇ ಎಲ್ಲಿ ಮುಜುಗರ ಆಗುತ್ತದೆಯೋ ಅಲ್ಲಿ ತಪ್ಪಿದೆ.

ಒಂದು ಕೆಲಸ ಮಾಡಿ. 54ನ್ನು 16ಕ್ಕೆ ಇಳಿಸಿ. ಹಾಡಿನುದ್ದಕ್ಕೂ ಒಂದೇ ಬೀಟು ಇಡಿ, ಒಂದು ಕಟ್ಟೂ ಹಾಕಬೇಡಿ. ಬೇಸು ಮೊದಲಿಂದ ಕೊನೆಯವರೆಗೆ ಒಂದೇ ಟೇಕಿನಲ್ಲಿ, ನಡುವೆ ನಿಲ್ಲಿಸದೆ, ನುಡಿಸಿ. ಆಮೇಲೆ ಬಂದು ಹೇಳಿ.

ಬೇಸ್‌ತಂತಿ (ಮೈಸೂರು)

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಉತ್ತರಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ತಾತ, ನೀವು ಹೇಳಿದ ಹಾಗೆ ಒಂಬತ್ತಕ್ಕೆ ನಿಲ್ಲಿಸಿ ಕೇಳಿದೆ. ಇಷ್ಟು ದಿನ ನಾನು ಹದಿಮೂರನ್ನೂ ಒಂದೇ ಎಂದುಕೊಂಡು ಕೇಳುತ್ತಿದ್ದೆ. ನಡುವೆ ಕೆಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ‘ರೇನಿ ಡೇ’ ಮುಗಿಯುವ ಹೊತ್ತಿಗೆ ಲೋಟದಲ್ಲಿ ಕಾಫಿ ಹಾಗೇ ಇತ್ತು, ಆರಿಹೋಗಿತ್ತು.

ಭಾನುವಾರ ಅಟ್ಟ ಹತ್ತಿ ಹಳೇ ಕ್ಯಾಸಿಯೋ ಕೆಳಗಿಳಿಸಿದೆ. ಎಂಟನೇ ಕ್ಲಾಸಿನಲ್ಲಿ ಅಪ್ಪ ಕೊಡಿಸಿದ್ದು. ಬಟ್ಟೆಯಲ್ಲಿ ಸುತ್ತಿಟ್ಟಿದ್ದರೂ ಕೀಗಳ ಸಂದಿಯಲ್ಲಿ ಧೂಳು. ಬ್ಯಾಟರಿ ಹಾಕುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿತ್ತು, ಅಡಾಪ್ಟರ್ ಸಿಕ್ಕಿಸಿದರೆ ಕೆಂಪು ದೀಪ ಹತ್ತಿತು. ಅದರ ಮೇಲೂ ಅವೇ ಹೆಸರುಗಳು! ರಾಕ್, ವಾಲ್ಟ್ಸ್, ಸಾಂಬಾ, ಬೋಸಾ ನೋವಾ. ಚಿಕ್ಕವನಿದ್ದಾಗ ಅವುಗಳನ್ನು ಒಂದೊಂದಾಗಿ ಒತ್ತಿ ಕುಣಿಯುತ್ತಿದ್ದೆ. ಬೋಸಾ ನೋವಾ ಒತ್ತಿ, ಟೆಂಪೋ ಇಳಿಸುತ್ತಾ ಇಳಿಸುತ್ತಾ ಹೋದೆ. ಒಂದು ಜಾಗದಲ್ಲಿ ಎರಡನೇ ಹಾಡು ತಾನಾಗಿ ಬಂದು ಅದರ ಮೇಲೆ ಕೂತಿತು. ಕಂಪ್ಯೂಟರಿನಲ್ಲಿ ನಾಲ್ಕು ವರ್ಷ ಕೂಡಿಸಿ ಕಳೆದು ಮಾಡಿದ ಬೀಟನ್ನೆಲ್ಲ ತೆಗೆದೆ.

ಬೇಸು ಒಂದೇ ಟೇಕು. ಮೂರು ಸಲ ನಡುವೆ ನಿಂತೆ, ನಾಲ್ಕನೇ ಸಲಕ್ಕೆ ಕೊನೆ ಮುಟ್ಟಿತು. 54 ಟ್ರ್ಯಾಕು ಈಗ ಹದಿನಾಲ್ಕು. ಹನ್ನೊಂದು ಗಿಟಾರಿನಲ್ಲಿ ಎರಡು ಉಳಿದಿವೆ. ತೆಗೆಯುವಾಗ ಒಂದೊಂದಕ್ಕೂ ಹೊಟ್ಟೆ ಉರಿಯಿತು. ತೆಗೆದ ಮೇಲೆ ಯಾವುದಿತ್ತು ಎಂದು ನೆನಪಿಗೂ ಬರಲಿಲ್ಲ.

ಸಂಜೆ ಅಕ್ಕನನ್ನು ಮೇಲೆ ಕರೆದು ಕೂರಿಸಿದೆ. ಅವಳಿಗೆ ಫಂಕ್ ಎಂದರೆ ಏನೆಂದು ಗೊತ್ತಿಲ್ಲ. ಮಂಚದ ತುದಿಯಲ್ಲಿ ಕೂತು, ಅವರೆಕಾಳು ಹಿಸುಕುತ್ತಾ ಕೇಳಿದಳು. ಟೇಪ್‌ಗಾಲಿ ಸರ್, ನೀವು ಹೇಳಿದ್ದು ಖರೇ. ಎರಡನೇ ಚರಣದ ಒಂದು ಸಾಲು ಬಂದಾಗ ನಾನು ನೆಲ ನೋಡಿದೆ. ಆ ಸಾಲು ಬದಲಾಯಿಸಬೇಕು. ಉಳಿದದ್ದಕ್ಕೆ ತಲೆ ಎತ್ತಿಯೇ ಕೂತಿದ್ದೆ. ಮುಗಿದ ಮೇಲೆ ಅವಳು, ‘ನಡುವೆ ಒಂದು ಕಡೆ ಕುಕ್ಕರ್ ಕೂಗುತ್ತಲ್ಲ, ನಮ್ಮನೇದಾ?’ ಎಂದಳು. ಹೌದು, ನಮ್ಮದೇ. ಅಮ್ಮ ಇದ್ದಾಗ ರೆಕಾರ್ಡ್ ಮಾಡಿದ ಟ್ರ್ಯಾಕ್ ಅದು, ಮೂರನೇ ಸೀಟಿ. ಎಷ್ಟೋ ದಿನ ಅದನ್ನು ಅಳಿಸಲು ಒದ್ದಾಡಿದ್ದೆ. ಅಕ್ಕ ಇನ್ನೊಂದು ಸಲ ಹಾಕು ಎಂದಳು. ಅದು ಅಲ್ಲೇ ಇರುತ್ತದೆ.

ಮಲ್ಲಿಗೆ ಮೇಡಂ, ಐದನೇ ಹಾಡಿಗೆ ಚರಣವೇ ಇಲ್ಲ, ಬರೀ ಪಲ್ಲವಿ, ಒಂದೂವರೆ ನಿಮಿಷ. ಎರಡು ವರ್ಷದಿಂದ ಚರಣ ಬರೆಯಲು ನೋಡುತ್ತಿದ್ದೆ. ಹಾಗೇ ಬಿಟ್ಟಿದ್ದೇನೆ.

ಟೇಪ್‌ಗಾಲಿ ಸರ್, ಒಂದೇ ಒಂದು ಪ್ರಶ್ನೆ. ಬೇಸಿನ ಆ ಟೇಕಿನಲ್ಲಿ 2 ನಿಮಿಷ 40ನೇ ಸೆಕೆಂಡಿನ ಹತ್ತಿರ ಕೆಳಗಿನ ತಂತಿ ಫ್ರೆಟ್ಟಿಗೆ ತಾಗಿ ಝಂಯ್ ಎಂದಿದೆ. ಅಷ್ಟು ಮಾತ್ರ ಮತ್ತೆ ನುಡಿಸಿ ಸೇರಿಸಲಾ?

ಟೇಪ್‌ಗಾಲಿ (ಹುಬ್ಬಳ್ಳಿ)

ಬ್ಯಾಡ, ಬಿಡ್ರಿ. ಹದಿನಾಲ್ಕೂ ಟ್ರ್ಯಾಕ್ ಬೇರೆ ಬೇರೆಯಾಗಿ ವೇವ್ ಫೈಲ್ ಮಾಡಿ ಕಳಿಸಿ, ಎಂಪಿ3 ಬೇಡ. ಕ್ಯಾಸಿಯೋ ಟ್ರ್ಯಾಕಿಗೆ ಏನೂ ಎಫೆಕ್ಟ್ ಹಾಕಬೇಡಿ. ಆ ಚರಣದ ಸಾಲು ಸರಿಮಾಡಿ ಹಾಡಿದ ಮೇಲೆ ಕಳಿಸಿದರೆ ಸಾಕು, ಅವಸರ ಇಲ್ಲ. ಈ ತಿಂಗಳ ಕೊನೆಯವರೆಗೆ ನನಗೂ ರಾತ್ರಿ ಬಿಡುವಿದೆ.